ಹಳ್ಳಿಯ ಎಣಿಕೆ, ಹಳ್ಳಿಯ ಹಕ್ಕು
(ಚೀಕಲಪರ್ವಿಯಲ್ಲಿ ಮಾಡಿದ ಭಾಷಣ)



ತುಂಗಭದ್ರೆಯ ದಡದ ಈ ಊರಿನ ಹೆಸರನ್ನು ಕೇಳಿದೊಡನೆ ಕನ್ನಡಿಗರಿಗೆ ವಿಜಯದಾಸರು ನೆನಪಾಗುತ್ತಾರೆ. ಬಡತನದ ಬೇಗೆಯಿಂದ ಅವರು ಎಳೆಯ ಪ್ರಾಯದಲ್ಲಿಯೇ ಊರು ಬಿಟ್ಟು ಕಾಶಿಯವರೆಗೆ ಅಲೆದರೆಂದು ಪ್ರತೀತಿ. ಊರು ಬಿಟ್ಟ ಆ ಬಾಲಕನನ್ನು ಊರು ಮರೆಯಲಿಲ್ಲ. ಇಂದು ಹೊಟ್ಟೆಪಾಡಿಗಾಗಿ ಗುಳೆ ಹೋಗುವ ಮಕ್ಕಳನ್ನು ನಾವು ಲೆಕ್ಕದಲ್ಲಿ ಇಟ್ಟುಕೊಂಡಿದ್ದೇವೆಯೆ? ಇದನ್ನು ಕೇಳಲೆಂದೇ ನಾವು ಬಂದಿದ್ದೇವೆ.

2021ರಲ್ಲಿ ನಡೆಯಬೇಕಾಗಿದ್ದ ಜನಗಣತಿಗೆ ಈಗ 2027ರ ಮಾರ್ಚ್ 1ನೆಯ ದಿನವು ಗೊತ್ತಾಗಿದೆ. 1931ರ ತರುವಾಯ ಮೊದಲ ಬಾರಿಗೆ ದೇಶದ ಜನಗಣತಿಯಲ್ಲಿ ಎಲ್ಲರ ಜಾತಿಯೂ ದಾಖಲಾಗಲಿದೆ. ಇದು ಬರಿಯ ತಲೆಯೆಣಿಕೆಯಲ್ಲ. 2011ರ ಗಣತಿಯಂತೆ ರಾಯಚೂರು ಜಿಲ್ಲೆಯ ಜನಸಂಖ್ಯೆ 19,28,812. ಅದರಲ್ಲಿ ಪರಿಶಿಷ್ಟ ಜಾತಿಯವರು ಐದರಲ್ಲೊಂದು ಪಾಲು. ಪರಿಶಿಷ್ಟ ಪಂಗಡದವರು ಹೆಚ್ಚುಕಡಿಮೆ ಅಷ್ಟೇ. ಪಂಚಾಯತಿಯಲ್ಲಿ ಇವರಿಗೆ ಮೀಸಲಾದ ಸ್ಥಾನಗಳು ಜನಸಂಖ್ಯೆಯ ಪ್ರಮಾಣದಲ್ಲಿರಬೇಕೆಂದು ರಾಜ್ಯಾಂಗವೇ ವಿಧಿಸಿದೆ. ಕೇರಿಯ ಒಂದು ಮನೆ ತಪ್ಪಿದರೆ ಆ ಕೇರಿಯ ದನಿಯೇ ಅಷ್ಟು ಕುಗ್ಗಿದಂತೆ.

ಗಣತಿಯ ಅವಧಿಯುದ್ದಕ್ಕೂ ಊರಿನಲ್ಲಿ ಇಲ್ಲದವರನ್ನು ಊರಿನ ಲೆಕ್ಕಕ್ಕೆ ಸೇರಿಸುವುದಿಲ್ಲ. 2011ರಲ್ಲಿ ಆ ಅವಧಿಯು ಫೆಬ್ರವರಿ 9ರಿಂದ 28ರವರೆಗೆ ಇದ್ದಿತು. ಅದು ಗುಳೆಯ ಕಾಲ. ನಡುವೆ ಮರಳುವವರಿದ್ದರೆ ಎಣಿಸುವವರಿಗೆ ತಿಳಿಸಿರಿ. ಮರಳದವರಿಗೆ, ತಾವಿರುವ ತಗಡಿನ ಶೆಡ್ಡಿನಲ್ಲಿಯೇ ಹೆಸರು ಬರೆಯಿಸಲು ಹೇಳಿ ಕಳುಹಿಸಿರಿ. ಸುಳ್ಳು ಹೆಸರು ಸೇರಿಸುವುದು ಬೇಡ. ನಿಜವಾದ ಒಂದು ಹೆಸರೂ ಎರಡೂ ಕಡೆ ತಪ್ಪಿಹೋಗಬಾರದು.

ತಾಯಂದಿರಲ್ಲಿ ಒಂದು ಬಿನ್ನಹ. ಹೊಲದಲ್ಲಿ ಕಳೆ ತೆಗೆದು, ಹತ್ತಿ ಬಿಡಿಸಿ, ದನ ನೋಡಿಕೊಳ್ಳುವ ಹೆಂಗಸನ್ನು ಕುರಿತು ಮನೆಯ ಯಜಮಾನನು, "ಆಕೆಗೆ ಮನೆಗೆಲಸ" ಎಂದುಬಿಡುತ್ತಾನೆ. ಕೂಲಿ ಬಾರದಿದ್ದರೂ ಸ್ವಂತ ಹೊಲದ ದುಡಿಮೆಯು ಗಣತಿಯಲ್ಲಿ ದುಡಿಮೆಯೇ. ಅದನ್ನು ನೀವೇ ಬಾಯಿಬಿಟ್ಟು ಹೇಳಬೇಕು. ಜಿಲ್ಲೆಯಲ್ಲಿ 2011ರಲ್ಲಿ ಓದುಬರಹ ಬಲ್ಲವರು ನೂರಕ್ಕೆ 59.56, ಸ್ತ್ರೀಯರಲ್ಲಿ ಅರ್ಧಕ್ಕೂ ಕಡಿಮೆ. ಈ ಕೊರತೆಯನ್ನು ಮುಚ್ಚಿಟ್ಟರೆ ಶಾಲೆ ಬಂದೀತೆ?

ಇನ್ನು ಮಾತೃಭಾಷೆ. ವಿಜಯದಾಸರು 1755ರಲ್ಲಿ ದೇಹವಿಟ್ಟ ಚಿಪ್ಪಗಿರಿಯು ಬಳ್ಳಾರಿ ಜಿಲ್ಲೆಯ ಆಲೂರು ತಾಲೂಕಿನಲ್ಲಿದ್ದಿತು. ತಾಲೂಕುಗಳ ಭಾಷಾಬಲವನ್ನು ನೋಡಿ ಗಡಿ ಎಳೆದಾಗ, 1953ರ ಅಕ್ಟೋಬರ್ 1ರಂದು, ಅದು ಆಂಧ್ರಕ್ಕೆ ಸೇರಿತು. ರಾಯಚೂರು 1956ರ ನವೆಂಬರ್ 1ರಂದು ಕನ್ನಡ ನಾಡನ್ನು ಕೂಡಿಕೊಂಡಿತು. ದಾಸರ ಹುಟ್ಟೂರು ಇಲ್ಲಿ, ದೇಹವಿಟ್ಟ ಊರು ಅಲ್ಲಿ! ಒಂದು ಅಂಕಣದ ಬಲ ಎಷ್ಟೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಮನೆಯಲ್ಲಿ ಉರ್ದು, ತೆಲುಗು, ಲಂಬಾಣಿ ಆಡುವವರು ಅದನ್ನೇ ಬರೆಯಿಸಲಿ. ಕನ್ನಡದವರು ಕನ್ನಡವನ್ನು ಬರೆಯಿಸಲು ಮರೆಯದಿರಲಿ.

ಭಯವೂ ಬೇಡ. 1948ರ ಜನಗಣತಿ ಕಾಯಿದೆಯಂತೆ ನೀವು ಕೊಟ್ಟ ವಿವರವನ್ನು ಅನ್ಯರು ನೋಡುವಂತಿಲ್ಲ. ವ್ಯಾಜ್ಯದಲ್ಲಿ ಅದು ಸಾಕ್ಷ್ಯವಾಗದು. ವಕೀಲಿ ವೃತ್ತಿಯವರಾದ ನಾವು ಇದನ್ನು ಒತ್ತಿ ಹೇಳುತ್ತೇವೆ.

ಲಿಂಗವಂತರು, ಕುರುಬರು, ನಾಯಕರು, ಮಾದಿಗರು, ಛಲವಾದಿಗಳು, ಮುಸಲ್ಮಾನರು, ಬ್ರಾಹ್ಮಣರು ಕೂಡಿದರೇ ಈ ಸೀಮೆಯ ಹಳ್ಳಿ. ಓದುಬಲ್ಲ ತರುಣರೇ, ಓಣಿಗೆ ಇಬ್ಬರಂತೆ ಹೊರಡಿರಿ. ಗುಳೆ ಹೋದವರ ಪಟ್ಟಿಯನ್ನು ಇಂದೇ ಬರೆಯಲಾರಂಭಿಸಿರಿ. ಅದರ ಮೊದಲ ಪುಟ ತುಂಬಿದ ಮೇಲೆಯೇ ನಾವು ಈ ಊರಿನಿಂದ ಹೊರಡುತ್ತೇವೆ.