ಮಣಿಕಟ್ಟಿನ ಮೇಲಿನ ಕ್ಯಾಲೊರಿ: ಅಳತೆಯೋ ಅಂದಾಜೋ

ಕೈಗೆ ಕಟ್ಟುವ ಫಿಟ್‌ನೆಸ್ ಬ್ಯಾಂಡ್ ಕ್ಯಾಲೊರಿಯನ್ನು ಅಳೆಯುವುದಿಲ್ಲ. ಅದು ಮುಖ್ಯವಾಗಿ ಅಳೆಯುವುದು ಕೈಯ ಅಲುಗಾಟವನ್ನು ಮತ್ತು ನಾಡಿಯ ಬಡಿತವನ್ನು. ಅಲುಗಾಟಕ್ಕೆ ಒಳಗೊಂದು ಪುಟ್ಟ ಚಿಪ್ ಇರುತ್ತದೆ. ನಾಡಿಗೆ ಬ್ಯಾಂಡಿನ ಬೆನ್ನಲ್ಲಿ ಹಸಿರು ದೀಪವಿರುತ್ತದೆ. ಚರ್ಮದೊಳಗೆ ರಕ್ತ ಏರಿಳಿದಂತೆ ಮರಳಿ ಬರುವ ಬೆಳಕು ಹೆಚ್ಚುಕಡಿಮೆಯಾಗುತ್ತದೆ. ಇವೆರಡರ ಜೊತೆಗೆ ಆ್ಯಪ್‌ನಲ್ಲಿ ತುಂಬಿದ ವಯಸ್ಸು, ಎತ್ತರ, ತೂಕ, ಲಿಂಗವನ್ನು ಸೇರಿಸಿ ಒಂದು ಸೂತ್ರಕ್ಕೆ ಹಾಕಿದಾಗ ಬರುವ ಉತ್ತರವೇ ಪರದೆಯ ಮೇಲಿನ ಕ್ಯಾಲೊರಿ. ಆ ಸೂತ್ರವನ್ನು ಕಂಪನಿಗಳು ಸಾಮಾನ್ಯವಾಗಿ ಪೂರ್ತಿ ಬಿಟ್ಟುಕೊಡುವುದಿಲ್ಲ.

ನಿಜವಾದ ಅಳತೆಗೆ ಉಸಿರನ್ನು ಹಿಡಿಯಬೇಕು. ದೇಹ ಒಂದು ಲೀಟರ್ ಆಮ್ಲಜನಕ ಬಳಸಿದರೆ ಸುಮಾರು 5 ಕಿಲೊಕ್ಯಾಲೊರಿ ಖರ್ಚಾಗಿದೆ ಎಂದರ್ಥ. ಹೀಗಾಗಿ ಪ್ರಯೋಗಾಲಯದಲ್ಲಿ ಮುಖಕ್ಕೆ ಮುಸುಕು ಹಾಕಿ ಉಸಿರಾಟದ ಗಾಳಿಯನ್ನು ಪರೀಕ್ಷಿಸುತ್ತಾರೆ. ವಾರಗಟ್ಟಲೆಯ ಖರ್ಚು ತಿಳಿಯಲು ಇನ್ನೊಂದು ದಾರಿಯಿದೆ: ಜಲಜನಕ ಮತ್ತು ಆಮ್ಲಜನಕದ ಭಾರವಾದ ಐಸೊಟೋಪ್‌ಗಳಿರುವ ನೀರನ್ನು ಕುಡಿಸಿ, ಅವೆರಡೂ ದೇಹದಿಂದ ಎಷ್ಟೆಷ್ಟು ಬೇಗ ಹೊರಬೀಳುತ್ತವೆ ಎಂದು ಮೂತ್ರದಲ್ಲಿ ನೋಡುವುದು. 1955ರಲ್ಲಿ ನೇಥನ್ ಲಿಫ್ಸನ್ ಇದನ್ನು ಇಲಿಗಳಲ್ಲಿ ತೋರಿಸಿದರು. 1982ರಲ್ಲಿ ಡೇಲ್ ಶೋಲರ್ ಮನುಷ್ಯರಿಗೆ ಅಳವಡಿಸಿದರು. ಬಲು ದುಬಾರಿಯ ವಿಧಾನ, ಸಂಶೋಧನೆಗಷ್ಟೇ ಸರಿ.

ಉಸಿರಿನ ಅಳತೆಯ ಒರೆಗಲ್ಲಿಗೆ ಹಚ್ಚಿದಾಗ ಬ್ಯಾಂಡುಗಳ ಬಣ್ಣ ಬಯಲಾಗುತ್ತದೆ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ 60 ಜನರ ಕೈಗೆ ಏಳು ಬಗೆಯ ಸಾಧನ ಕಟ್ಟಿ, ನಡೆಸಿ, ಓಡಿಸಿ, ಸೈಕಲ್ ತುಳಿಸಿ ನೋಡಿತು. ಏಳರಲ್ಲಿ ಆರು ಸಾಧನಗಳು ನಾಡಿಬಡಿತವನ್ನು ಶೇಕಡ 5ರೊಳಗಿನ ತಪ್ಪಿನಲ್ಲಿ ಹೇಳಿದವು. ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ಚೆನ್ನಾದ ಸಾಧನವೇ ಸರಾಸರಿ ಶೇಕಡ 27ರಷ್ಟು ತಪ್ಪಿತ್ತು. ಕೊನೆಯದರ ತಪ್ಪು ಶೇಕಡ 93. ನಾಡಿಯ ಲೆಕ್ಕದಲ್ಲೂ ಕಪ್ಪು ಮೈಬಣ್ಣದವರಲ್ಲಿ, ತೂಕ ಹೆಚ್ಚಿದವರಲ್ಲಿ ತಪ್ಪು ಜಾಸ್ತಿಯಿತ್ತು. ತೂಕ ಇಳಿಸಲೆಂದೇ ಬ್ಯಾಂಡ್ ಕೊಳ್ಳುವವರು ತೂಕ ಹೆಚ್ಚಿದವರೇ ತಾನೇ! ಆಗಿನ ಸಾಧನಗಳು ಈಗ ಹಳತಾಗಿವೆ. ಆದರೆ ನಾಡಿಯಿಂದ ಕ್ಯಾಲೊರಿಗೆ ಹಾರುವ ಜಿಗಿತ ಹಾಗೇ ಉಳಿದಿದೆ: ಬಿಸಿಲಿಗೂ ಚಹಾಕ್ಕೂ ಚಿಂತೆಗೂ ನಾಡಿ ಏರುತ್ತದೆ, ಅಷ್ಟಕ್ಕೇ ಕೊಬ್ಬು ಕರಗುವುದಿಲ್ಲ.

ಭಾರತೀಯ ಮೈಗೆ ಇನ್ನೊಂದು ತೊಡಕಿದೆ. ಸುಮ್ಮನೆ ಮಲಗಿದಾಗಲೂ ದೇಹ ಖರ್ಚು ಮಾಡುವ ಮೂಲ ಶಕ್ತಿಯೇ ದಿನದ ಖರ್ಚಿನ ಅರ್ಧಕ್ಕಿಂತ ಹೆಚ್ಚು. ಅದನ್ನು ಊಹಿಸುವ ಹೆಸರಾಂತ ಸೂತ್ರಗಳಲ್ಲಿ ಒಂದಾದ 1985ರ ಸ್ಕೋಫೀಲ್ಡ್ ಸೂತ್ರಕ್ಕೆ ಆಧಾರವಾದ ಅಂಕಿಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಇಟಲಿಯವರದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಭಾರತೀಯ ಗಂಡಸರನ್ನು ಅಳೆದು, ಆ ಸೂತ್ರ ಇಲ್ಲಿಯವರಿಗೆ ಹೆಚ್ಚಾಗಿ ಹೇಳುತ್ತದೆಂದು 1990ರ ದಶಕದಲ್ಲೇ ತೋರಿಸಿದ್ದರು. ದಿನದ ಮೂಲ ಖರ್ಚು 1,500 ಕಿಲೊಕ್ಯಾಲೊರಿ ಎಂದುಕೊಂಡರೆ, ಅದರಲ್ಲಿ ಶೇಕಡ 5 ತಪ್ಪಿದರೂ 75 ಕಿಲೊಕ್ಯಾಲೊರಿ. ತೂಕವೂ ಪೂರ್ತಿ ಕತೆ ಹೇಳುವುದಿಲ್ಲ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಮೈಯ ಅಳತೆ ಪ್ರಕಟಿಸಿದರು: ಇಬ್ಬರ ಬಿ.ಎಂ.ಐ. (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 22.3, ಆದರೆ ಕೊಬ್ಬು ಯುಡ್ಕಿನ್‌ರಲ್ಲಿ ಶೇಕಡ 9.1, ಯಾಜ್ಞಿಕ್‌ರಲ್ಲಿ 21.2. ಸ್ನಾಯು ಸುಡುವಷ್ಟು ಶಕ್ತಿಯನ್ನು ಕೊಬ್ಬು ಸುಡುವುದಿಲ್ಲ. ಬ್ಯಾಂಡಿಗೆ ಈ ಭೇದ ಗೊತ್ತಿಲ್ಲ.

ದುಡಿಮೆಯ ಬಗೆ ಬದಲಾದಂತೆ ತಪ್ಪು ಇನ್ನಷ್ಟು ಎದ್ದು ಕಾಣುತ್ತದೆ. ಧಾರವಾಡ ತಾಲ್ಲೂಕಿನ ಗರಗ ರಾಷ್ಟ್ರಧ್ವಜದ ಖಾದಿಗೆ ಹೆಸರಾದ ಊರು. ಇಲ್ಲಿಯ ಮಗ್ಗದ ಕೆಲಸ ಬ್ಯಾಂಡಿನ ಬುದ್ಧಿಗೆ ಒಳ್ಳೆಯ ಪರೀಕ್ಷೆ. ಕೈಮಗ್ಗದಲ್ಲಿ ಕುಳಿತವರ ಒಂದು ಕೈ ಲಾಳಿಯ ಹಗ್ಗ ಜಗ್ಗುತ್ತದೆ, ಇನ್ನೊಂದು ಕೈ ಫಣಿ ಬಡಿಯುತ್ತದೆ, ಕೆಳಗೆ ಎರಡೂ ಕಾಲು ತುಳಿಯುತ್ತಿರುತ್ತವೆ. ಲಯಬದ್ಧವಾದ ಕೈಬಡಿತವನ್ನು ಬ್ಯಾಂಡ್ ಹೆಜ್ಜೆಯೆಂದು ಎಣಿಸಿಬಿಡಬಹುದು. ಕಾಲಿನ ದುಡಿಮೆ ಅದರ ಕಣ್ಣಿಗೇ ಬೀಳುವುದಿಲ್ಲ. ಚರಕದ ಹಿಡಿಕೆ ತಿರುಗಿಸುವ ಕೈಗೆ ಕಟ್ಟಿದರೆ ಒಂದು ಲೆಕ್ಕ, ಇನ್ನೊಂದು ಕೈಗೆ ಕಟ್ಟಿದರೆ ಮತ್ತೊಂದು. ಹೊಲದಿಂದ ಮೇವಿನ ಹೊರೆ ಹೊತ್ತು ಬರುವ ಹೆಂಗಸಿನ ಕೈ ತಲೆಯ ಮೇಲಿನ ಹೊರೆಯನ್ನು ಹಿಡಿದು ಅಲುಗಾಡದೆ ನಿಂತಿರುತ್ತದೆ; ಬ್ಯಾಂಡ್ ಹೆಜ್ಜೆಯನ್ನು ಕಡಿಮೆ ಎಣಿಸುತ್ತದೆ, ಹೊರೆಯ ಭಾರವಂತೂ ಲೆಕ್ಕಕ್ಕೇ ಇಲ್ಲ.

ತೂಕ ಇಳಿಸುವವರನ್ನು ಹೆಚ್ಚು ದಾರಿ ತಪ್ಪಿಸುವುದು ಒಟ್ಟು ಖರ್ಚು ಮತ್ತು ಹೆಚ್ಚುವರಿ ಖರ್ಚಿನ ಗೊಂದಲ. 70 ಕಿಲೊ ತೂಗುವವರು ಒಂದು ತಾಸು ಬಿರುಸಾಗಿಯೂ ಅಲ್ಲದೆ ನಿಧಾನವಾಗಿಯೂ ಅಲ್ಲದೆ ನಡೆದರೆ ಸುಮಾರು 230 ಕಿಲೊಕ್ಯಾಲೊರಿ. ಅದರಲ್ಲಿ 70 ಮನೆಯಲ್ಲಿ ಕೂತಿದ್ದರೂ ಖರ್ಚಾಗುತ್ತಿತ್ತು. ನಡೆದದ್ದಕ್ಕೆ ಸಿಕ್ಕಿದ್ದು 160. ಜೋಳದ ಹಿಟ್ಟಿನಲ್ಲಿ 100 ಗ್ರಾಮಿಗೆ ಸುಮಾರು 335 ಇರುತ್ತದೆ. 60 ಗ್ರಾಂ ಹಿಟ್ಟಿನ ಒಂದು ರೊಟ್ಟಿ ಎಂದರೆ 200. ಬ್ಯಾಂಡ್ 230 ತೋರಿಸಿತೆಂದು ರಾತ್ರಿ ಒಂದು ರೊಟ್ಟಿ ಹೆಚ್ಚಿಗೆ ಉಂಡವರು, ಬ್ಯಾಂಡ್ ತಪ್ಪದೇ ಇದ್ದಾಗಲೂ, 40 ಕಿಲೊಕ್ಯಾಲೊರಿ ಸಾಲದಲ್ಲಿರುತ್ತಾರೆ. ಪಲ್ಯದ ಎಣ್ಣೆ ಬೇರೆ.

ಬ್ಯಾಂಡ್ ಕಟ್ಟಿದರೆ ತೂಕ ಇಳಿಯುತ್ತದೆಯೇ ಎಂಬುದನ್ನೂ ಪರೀಕ್ಷಿಸಲಾಗಿದೆ. ಪಿಟ್ಸ್‌ಬರ್ಗ್‌ನಲ್ಲಿ 471 ಯುವಜನರ ಮೇಲೆ ಎರಡು ವರ್ಷ ನಡೆದ ಪ್ರಯೋಗದ ಫಲ 2016ರಲ್ಲಿ ಪ್ರಕಟವಾಯಿತು. ಪಥ್ಯ, ವ್ಯಾಯಾಮದ ಸಲಹೆ ಎರಡೂ ಗುಂಪಿಗಿತ್ತು. ಸಾಧನ ಕಟ್ಟಿದವರು ಸರಾಸರಿ 3.5 ಕಿಲೊ ಇಳಿದರು, ಕಟ್ಟದವರು 5.9 ಕಿಲೊ. ಒಂದೇ ಪ್ರಯೋಗದಿಂದ ಬ್ಯಾಂಡ್ ಕೆಡುಕೆಂದು ತೀರ್ಮಾನಿಸುವುದು ಅವಸರವಾದೀತು. ಅದು ತಾನಾಗಿ ತೂಕ ಇಳಿಸುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಹೆಜ್ಜೆಯೆಣಿಕೆ, ನಾಡಿ, ಹಿಂದಿನ ವಾರಕ್ಕಿಂತ ಈ ವಾರದ ಓಡಾಟ ಹೆಚ್ಚಿತೇ ಎಂಬ ಹೋಲಿಕೆಗೆ ಬ್ಯಾಂಡ್ ಬಳಕೆಗೆ ಬರುತ್ತದೆ. ಕ್ಯಾಲೊರಿ ಬೇಕೇ ಬೇಕೆನ್ನುವವರು ಅದನ್ನು ತಕ್ಕಡಿಗೆ ಹೊಂದಿಸಿಕೊಳ್ಳಬಹುದು. ಪಥ್ಯದ ಮೊದಲ ವಾರ ಇಳಿಯುವುದರಲ್ಲಿ ನೀರೇ ಹೆಚ್ಚು. ಅದನ್ನು ಬಿಟ್ಟು ನಾಲ್ಕು ವಾರ ದಿನಾ ಬೆಳಿಗ್ಗೆ ಒಂದೇ ತಕ್ಕಡಿಯಲ್ಲಿ ತೂಗಿ ವಾರದ ಸರಾಸರಿ ತೆಗೆಯಬೇಕು, ಉಂಡದ್ದನ್ನು ಬರೆದಿಡಬೇಕು. ಒಂದು ಕಿಲೊ ಕೊಬ್ಬಿಗೆ ಸುಮಾರು 7,700 ಕಿಲೊಕ್ಯಾಲೊರಿ. ದಿನಕ್ಕೆ 2,000 ಉಂಡು 28 ದಿನದಲ್ಲಿ ಒಂದು ಕಿಲೊ ಇಳಿದಿದ್ದರೆ ದಿನದ ಖರ್ಚು ಸುಮಾರು 2,275. ಬ್ಯಾಂಡ್ 2,700 ಎಂದಿದ್ದರೆ ಅದರ ಮಾತನ್ನು ಶೇಕಡ 84ಕ್ಕೆ ಇಳಿಸಿಕೊಳ್ಳಬೇಕು. ಊಟದ ಬರಹದಲ್ಲಿ ಒಂದೆರಡು ಚಮಚ ಎಣ್ಣೆ ಬಿಟ್ಟುಹೋದರೆ ಈ ಲೆಕ್ಕವೂ ಅಷ್ಟರಮಟ್ಟಿಗೆ ಜಾರುತ್ತದೆ. ತೂಕ ನಾಲ್ಕೈದು ಕಿಲೊ ಇಳಿದ ಮೇಲೆ ದೇಹದ ಖರ್ಚೂ ತಗ್ಗುವುದರಿಂದ ಲೆಕ್ಕವನ್ನು ಹೊಸದಾಗಿ ಹಾಕಬೇಕಾಗುತ್ತದೆ.