ಬೇಲಿಯನ್ನು ನೋಡಿಕೊಳ್ಳುವವರು
(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ವೇದಿಕೆಯ ಮೇಲೆ ಕನ್ನಡ ಪಂಡಿತರು ಕಾವ್ಯವನ್ನು ಕುರಿತು ಮಾತನಾಡುವುದು ವಾಡಿಕೆ. ನಾವು ಈ ದಿನ ಪೊಲೀಸರ ಮೇಲ್ವಿಚಾರಣೆಯೆಂಬ ವಿಷಯವನ್ನು ಆರಿಸಿಕೊಂಡಿರುವುದಕ್ಕೆ ಕಾರಣವುಂಟು. ಗಡಿನಾಡಿನ ಸಂಸಾರಿಗನು ಸರ್ಕಾರವನ್ನು ಹತ್ತಿರದಿಂದ ಕಾಣುವುದು ಮೂರು ಕಡೆ: ಶಾಲೆಯಲ್ಲಿ, ಕಂದಾಯದ ಕಚೇರಿಯಲ್ಲಿ, ಪೊಲೀಸ್ ಠಾಣೆಯಲ್ಲಿ. ಮೊದಲ ಎರಡನ್ನು ಕುರಿತು ನಾವು ಸಭೆಗಳಲ್ಲಿ ಬೇಕಾದಷ್ಟು ಮಾತನಾಡುತ್ತೇವೆ. ಮೂರನೆಯದರ ಮಾತು ಬಂದರೆ ದನಿ ತಗ್ಗಿಸುತ್ತೇವೆ. ಭಯವಿದ್ದ ಕಡೆ ತಿಳಿವಳಿಕೆ ಬೆಳೆಯದು. ಆದುದರಿಂದ ಈ ವಿಷಯ.

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂಬ ಗಾದೆ ನಮ್ಮ ರೈತರ ಬಾಯಲ್ಲಿದೆ. ಬೇಲಿ ಬೇಡವೆಂದು ಯಾವ ರೈತನೂ ಹೇಳನು. ಅದನ್ನು ಆಗಾಗ ನೋಡಿಕೊಳ್ಳಬೇಕು, ಮುರಿದ ಕಡೆ ಕಟ್ಟಬೇಕು, ಹಬ್ಬಿದ ಕಡೆ ಸವರಬೇಕು. ಪೊಲೀಸರ ಮೇಲ್ವಿಚಾರಣೆಯೆಂದರೆ ಇಷ್ಟೇ.

ಈ ಪ್ರಶ್ನೆಗೆ ನಮ್ಮ ಸೀಮೆಯಲ್ಲಿ ಇನ್ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ. 1800ರಲ್ಲಿ ನಿಜಾಮನು ದತ್ತ ಮಂಡಲವನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟನಷ್ಟೆ. ಅದರ ಪ್ರಧಾನ ಕಲೆಕ್ಟರನಾಗಿ 1807ರವರೆಗೆ ಇದ್ದವನು ಥಾಮಸ್ ಮನ್ರೋ. ಹಳ್ಳಿಯ ಗೌಡ ಮತ್ತು ತಳವಾರರ ಮೂಲಕ ನಡೆಯುತ್ತಿದ್ದ ಕಾವಲಿನ ಬೆಲೆಯನ್ನು ಆತನು ಇಲ್ಲಿ ಕಣ್ಣಾರೆ ಕಂಡನು. ಮದರಾಸು ಆಧಿಪತ್ಯದಲ್ಲಿ ಆಗ ಬಂಗಾಳದ ಮಾದರಿಯ ದರೋಗರ ಪದ್ಧತಿ ಜಾರಿಗೆ ಬಂದಿತ್ತು. ಮನ್ರೋವಿನ ಪ್ರಯತ್ನದಿಂದ 1816ರಲ್ಲಿ ಅದನ್ನು ತೆಗೆದು, ಕಾವಲಿನ ಹೊಣೆಯನ್ನು ಮತ್ತೆ ಹಳ್ಳಿಯ ಮುಖ್ಯಸ್ಥರಿಗೂ, ಅವರ ಮೇಲೆ ತಹಸೀಲ್ದಾರ ಕಲೆಕ್ಟರರಿಗೂ ಒಪ್ಪಿಸಲಾಯಿತು.

ಉದ್ದೇಶವು ಒಳ್ಳೆಯದು, ಆದರೆ ಕಂದಾಯ ವಸೂಲು ಮಾಡುವ ಕೈಗೇ ಲಾಠಿಯೂ ಬಂದಿತು. ಆ ಕೈ ತಪ್ಪು ಮಾಡಿದರೆ ದೂರು ಕೇಳುವವನೂ ಅದೇ ಇಲಾಖೆಯವನು. ಇದರ ಫಲವು 1855ರಲ್ಲಿ ಬಯಲಾಯಿತು. ಕಂದಾಯಕ್ಕಾಗಿಯೂ ತಪ್ಪೊಪ್ಪಿಗೆಗಾಗಿಯೂ ಜನರಿಗೆ ಚಿತ್ರಹಿಂಸೆ ಕೊಡುತ್ತಿದ್ದರೆಂಬುದನ್ನು ಮದರಾಸಿನಲ್ಲಿ ನೇಮಕವಾದ ವಿಚಾರಣಾ ಆಯೋಗವು ವರದಿ ಮಾಡಿತು. ಅನಂತರ 1859ರ ಕಾಯಿದೆಯಿಂದ ಪೊಲೀಸ್ ಇಲಾಖೆ ಕಂದಾಯದಿಂದ ಬೇರ್ಪಟ್ಟು, ಜಿಲ್ಲೆಗೊಬ್ಬ ಸೂಪರಿಂಟೆಂಡೆಂಟನ ಕೈಕೆಳಗೆ ಬಂದಿತು. ಅಷ್ಟರಿಂದಲೂ ರೋಗವು ಹೋಗಲಿಲ್ಲ. 1902-03ರ ಅಖಿಲ ಭಾರತ ಪೊಲೀಸ್ ಆಯೋಗವು ಇಲಾಖೆಯ ದೋಷಗಳನ್ನು ಎಣಿಸುವಾಗ ತರಬೇತಿಯ ಕೊರತೆಯ ಜೊತೆಗೆ ಮೇಲ್ವಿಚಾರಣೆಯ ಕೊರತೆಯನ್ನೂ ಸ್ಪಷ್ಟವಾಗಿ ಹೆಸರಿಸಿತು.

ಇಂದು ಠಾಣೆಯ ಕೆಲಸಕ್ಕೆ ಮೇಲ್ವಿಚಾರಣೆ ನಡೆಯುವುದು ಬಹುಮಟ್ಟಿಗೆ ಬರಹದ ಮೂಲಕ. ಠಾಣೆಗೆ ದಿನಚರಿಯುಂಟು, ಯಾರು ಎಷ್ಟು ಗಂಟೆಗೆ ಗಸ್ತಿಗೆ ಹೋದರು, ಯಾರನ್ನು ಕರೆತಂದರು ಎಂಬುದು ಅದರಲ್ಲಿ ಸೇರಬೇಕು. ತನಿಖೆಗೆ ಬೇರೆ ಡೈರಿಯುಂಟು. ಸಬ್ ಇನ್‌ಸ್ಪೆಕ್ಟರನ ಬರಹವನ್ನು ಸರ್ಕಲ್ ಇನ್‌ಸ್ಪೆಕ್ಟರನು, ಆತನದನ್ನು ಡಿ.ಎಸ್.ಪಿ.ಯು, ಎಲ್ಲರದನ್ನೂ ಎಸ್.ಪಿ.ಯು ನೋಡಬೇಕು. ಪುಸ್ತಕದಲ್ಲಿ ಬರೆಯದ ಕೆಲಸವನ್ನು ಮೇಲಿನವರು ಪರೀಕ್ಷಿಸಲಾರರು. ದೂರನ್ನು ಬರೆದುಕೊಳ್ಳದೆ ಕಳುಹಿಸಿದರೆಂದರೆ ಮೇಲ್ವಿಚಾರಣೆಯ ಬಾಗಿಲನ್ನೇ ಮುಚ್ಚಿದಂತಾಯಿತು. ಶಿಕ್ಷಾರ್ಹವಾದ ಗಂಭೀರ ಅಪರಾಧದ ಸುದ್ದಿ ಬಂದಲ್ಲಿ ಪ್ರಥಮ ವರ್ತಮಾನ ವರದಿಯನ್ನು ಬರೆಯಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ವಿಧಿಸಿದ್ದರ ಮರ್ಮವಿದು.

ಆದರೆ ತಪ್ಪು ಹುಡುಕುವುದೊಂದೇ ಮೇಲಧಿಕಾರಿಯ ಧರ್ಮವಲ್ಲ. ನಾವು ಪಾಠ ಹೇಳಿದ ಹುಡುಗರಲ್ಲಿ ಕೆಲವರು ಖಾಕಿ ತೊಟ್ಟಿದ್ದಾರೆ. ಜಾತ್ರೆ, ಚುನಾವಣೆ, ಬಂದೋಬಸ್ತು ಎಂದು ತಿಂಗಳುಗಟ್ಟಲೆ ಮನೆಯ ಮುಖ ಕಾಣದೆ ದುಡಿಯುವವನಿಂದ ಸೌಜನ್ಯವನ್ನು ನಿರೀಕ್ಷಿಸುವುದು ಹೇಗೆ? ನೆರೆಯ ಕರ್ನಾಟಕದಲ್ಲಿ 2016ರ ಜೂನ್ 4ರಂದು ಪೊಲೀಸ್ ಸಿಬ್ಬಂದಿ ಸಾಮೂಹಿಕ ರಜೆ ಹಾಕುವರೆಂಬ ಸುದ್ದಿಯಿಂದ ಸರ್ಕಾರವೇ ತಲ್ಲಣಿಸಿತು. ರಜೆ ಸಿಗದಿರುವುದು, ಅಲ್ಪ ವೇತನ, ಮೇಲಿನವರ ಕಿರುಕುಳ ಇವು ಅವರ ಅಹವಾಲುಗಳಾಗಿದ್ದವು. ಆ ಮುಷ್ಕರವು ನಡೆಯಲಿಲ್ಲ. ಆದರೆ ವೇತನದ ಪರಿಶೀಲನೆಗೆ ಔರಾದ್ಕರ್ ಸಮಿತಿ ನೇಮಕವಾಯಿತು. ಕೆಳಗಿನವನ ಅಹವಾಲನ್ನು ಕೇಳದ ಮೇಲಧಿಕಾರಿ, ಜನರ ಅಹವಾಲನ್ನು ಕೇಳೆಂದು ಅವನಿಗೆ ಕಲಿಸಲಾರನು. ಪದೇ ಪದೇ ವರ್ಗವಾಗುವ ಅಧಿಕಾರಿಯೂ ಠಾಣೆಯನ್ನು ತಿದ್ದಲಾರನು. 2006ರ ಪ್ರಕಾಶ್ ಸಿಂಗ್ ಮೊಕದ್ದಮೆಯ ತೀರ್ಪಿನಲ್ಲಿ ಠಾಣೆಯ ಮುಖ್ಯಸ್ಥನಿಗೂ ಎಸ್.ಪಿ.ಗೂ ಕನಿಷ್ಠ ಎರಡು ವರ್ಷಗಳ ಅವಧಿಯಿರಬೇಕೆಂದೂ, ಪೊಲೀಸರ ಮೇಲಿನ ದೂರುಗಳಿಗೆ ಬೇರೆ ಪ್ರಾಧಿಕಾರವಿರಬೇಕೆಂದೂ ಆಜ್ಞೆಯಾಯಿತು.

ಇನ್ನು ನಮ್ಮ ಗಡಿಯ ವಿಶೇಷಕ್ಕೆ ಬರೋಣ. ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯದಾಗಿತ್ತು. ಅಂದು ಅದು ಆಂಧ್ರಕ್ಕೆ ಸೇರಿತು, ಬಳ್ಳಾರಿ ಮೈಸೂರಿಗೆ ಸೇರಿತು. ನಮ್ಮ ಸಂತೆ, ಆಸ್ಪತ್ರೆ, ಬೀಗತನ ಎಲ್ಲವೂ ಬಳ್ಳಾರಿಯ ಕಡೆ. ಠಾಣೆಯ ಬರಹ ತೆಲುಗಿನಲ್ಲಿ. ತೆಲುಗು ನಮಗೆ ಸೋದರಿ. ಆದರೆ ಸೋದರಿಯರ ಮಾತಿನಲ್ಲಿಯೂ ಎಡವಟ್ಟು ಉಂಟು. ಕನ್ನಡದಲ್ಲಿ ‘ತೊಂದರೆ’ ಎಂದರೆ ಕಷ್ಟ. ತೆಲುಗಿನಲ್ಲಿ ‘ತೊಂದರ’ ಎಂದರೆ ಆತುರ. ನಮ್ಮ ‘ಅವಸರ’ವು ಆತುರ, ಅವರ ‘ಅವಸರಂ’ ಅಗತ್ಯ. “ನನಗೆ ತೊಂದರೆ ಕೊಟ್ಟರು” ಎಂದು ಅಳುವ ಹೆಣ್ಣುಮಗಳ ಮಾತು, ಹೊಸದಾಗಿ ಬಂದ ಬರಹಗಾರನ ಕಿವಿಯಲ್ಲಿ “ಆತುರಪಡಿಸಿದರು” ಎಂದಾದರೆ ಅಪರಾಧವೇ ಕರಗಿಹೋಯಿತು! ಮೇಲಿನ ಯಾವ ಅಧಿಕಾರಿಯೂ ಇದನ್ನು ಹಿಡಿಯಲಾರನು, ಅವನಿಗೆ ಕಾಣುವುದು ಬರಹವೊಂದೇ. ಇದನ್ನು ಹಿಡಿಯಬಲ್ಲವನು ದೂರು ಕೊಟ್ಟವನು ಮಾತ್ರ.

ಕಾನೂನು ಇದಕ್ಕೆ ದಾರಿ ಮಾಡಿಕೊಟ್ಟಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡು ಹೇಳಿದವರಿಗೆ ಓದಿ ತಿಳಿಸಬೇಕು, ಅನಂತರವೇ ರುಜು. ಪ್ರತಿಯನ್ನು ಉಚಿತವಾಗಿ ಕೊಡಬೇಕು. ಕಳವು ಗಡಿಯ ಆಚೆ ನಡೆಯಿತೆಂಬ ಕಾರಣಕ್ಕೆ ಹಿಂದಿರುಗಿಸಕೂಡದು. ಯಾವ ಠಾಣೆಯಲ್ಲಾದರೂ ಬರೆದುಕೊಳ್ಳಬೇಕು. ಒಪ್ಪದಿದ್ದರೆ ಎಸ್.ಪಿ.ಗೆ ಅಂಚೆಯಲ್ಲಿ ಬರೆಯಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬಹುದು. ಬಂಧನದಲ್ಲಿಟ್ಟವನಿಗೆ ಕಾರಣವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿಯೇ ತಿಳಿಸಬೇಕೆಂದು 1962ರಲ್ಲಿಯೇ ಹರಿಕಿಶನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದವು ಕೊಟ್ಟಿದೆ.

ಆದುದರಿಂದ ಸಂಘಕ್ಕೆ ನಮ್ಮ ಸೂಚನೆ ಮೂರು. ಒಂದು, ಈ ನಿಯಮಗಳನ್ನು ಸರಳ ಕನ್ನಡದಲ್ಲಿ ಅಚ್ಚು ಮಾಡಿಸಿ ಮನೆಮನೆಗೆ ಮುಟ್ಟಿಸಬೇಕು. ಎರಡು, ಎರಡು ಲಿಪಿಗಳನ್ನೂ ಬಲ್ಲ ತರುಣರು, ಓದುಬಾರದವರ ಜೊತೆ ಠಾಣೆಗೆ ಹೋಗಿ ಬರಹವನ್ನು ಓದಿ ಹೇಳಬೇಕು. ಮೂರು, ಕನ್ನಡ ಬಲ್ಲ ಸಿಬ್ಬಂದಿಯನ್ನು ಗಡಿಯ ಠಾಣೆಗಳಿಗೆ ಹಾಕಬೇಕೆಂದು ಜಿಲ್ಲೆಯ ಎಸ್.ಪಿ.ಯವರಿಗೆ ವಿನಯಪೂರ್ವಕವಾಗಿ ಮನವಿ ಸಲ್ಲಿಸಬೇಕು. ಇದರಲ್ಲಿ ಜಗಳದ ಮಾತಿಲ್ಲ. ಒಳ್ಳೆಯ ಪೊಲೀಸನಿಗೂ ಇದರಿಂದ ಹಿತವೇ.

ನಮ್ಮ ಹೆಬ್ಬೆಟ್ಟು ಒತ್ತುವ ತಾಯಿ, ಒತ್ತುವ ಮೊದಲು “ಅದನ್ನು ಓದಿ ಹೇಳಪ್ಪ” ಎಂದು ಕೇಳಲಿ. ಠಾಣೆಯಲ್ಲಿ ಕುಳಿತ ಮಗನು “ಆಗಲಮ್ಮ” ಎಂದು ಓದಿ ಹೇಳಲಿ. ಅಂಥ ದಿನಗಳು ಬರಲೆಂದು ಹಾರೈಸುತ್ತೇವೆ.