ಸುಸ್ತಿಯೇ ಇಲ್ಲದ ಲೆಕ್ಕ



ಈ ಮಾಲಿಕೆಯಲ್ಲಿ ಬ್ಯಾಂಕು, ಠೇವಣಿ, ಗ್ರಾಹಕರ ಹಕ್ಕು ಅಂತ ಮಾತು ಬಂದಾಗಲೆಲ್ಲ ಒಂದು ಬಗೆಯ ಪತ್ರ ತಪ್ಪದೆ ಬರುತ್ತದೆ. ಬರೆಯುವವರು ಸಾಮಾನ್ಯವಾಗಿ ತಂದೆ ತಾಯಿ. "ಮಗಳು ತಾಲ್ಲೂಕು ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ್ದಾಳೆ. ಜನರ ದುಡ್ಡು ಕಾಯುವಂಥ ಸರ್ಕಾರಿ ಸಂಸ್ಥೆಯಲ್ಲಿ ಮೇಲಿನ ಹುದ್ದೆಗೆ ಹೋಗಬೇಕು ಅಂತ ಆಸೆ. ಆದರೆ ಆ ಕುರ್ಚಿಗಳೆಲ್ಲ ಐ.ಎ.ಎಸ್.ನವರಿಗೆ, ವಿದೇಶದಲ್ಲಿ ಓದಿ ಬಂದವರಿಗೆ ಮೀಸಲಂತೆ. ನಮ್ಮಂಥವರು ನಡುವೆಯೇ ನಿಂತುಬಿಡಬೇಕೇ?" ಊರು ಬೇರೆ ಬೇರೆ, ಆತಂಕ ಒಂದೇ. ಇವತ್ತು ಅದಕ್ಕೆ ಉತ್ತರ ಹೇಳುತ್ತೇನೆ.

ರಿಸರ್ವ್ ಬ್ಯಾಂಕ್ ಯಾವುದು, ಸೆಬಿ ಯಾವುದು ಅಂತ ವಿವರಿಸುತ್ತಾ ಕೂರುವುದಿಲ್ಲ. ಅದು ನಿಮಗೆ ಗೊತ್ತು. ಕುರ್ಚಿಯ ವಿಷಯಕ್ಕೇ ಬರೋಣ.

ಗವರ್ನರ್ ಹುದ್ದೆಯ ಮಟ್ಟಿಗೆ ನಿಮ್ಮ ಅನುಮಾನ ಸರಿ. ರಿಸರ್ವ್ ಬ್ಯಾಂಕಿನ ಒಳಗೇ ಬೆಳೆದು ಗವರ್ನರ್ ಆದವರೆಂದರೆ ಎಂ. ನರಸಿಂಹಂ ಒಬ್ಬರೇ. ಅದೂ 1977ರಲ್ಲಿ, ಕೆಲವೇ ತಿಂಗಳು. ಆದರೆ ಒಂದು ಮೆಟ್ಟಿಲು ಕೆಳಗೆ ನೋಡಿ. ಡೆಪ್ಯುಟಿ ಗವರ್ನರುಗಳು ನಾಲ್ವರ ತನಕ ಇರಬಹುದು. ಅವರಲ್ಲಿ ಇಬ್ಬರು ಸಂಸ್ಥೆಯ ಒಳಗಿನವರೇ ಆಗಿರುವುದು ನಡೆದುಬಂದ ರೂಢಿ. ಶ್ಯಾಮಲಾ ಗೋಪಿನಾಥ್ 2004ರಲ್ಲಿ ಡೆಪ್ಯುಟಿ ಗವರ್ನರ್ ಆದರು. ವಾಣಿಜ್ಯ ಓದಿದವರು, ರಿಸರ್ವ್ ಬ್ಯಾಂಕಿನಲ್ಲೇ ಅಧಿಕಾರಿಯಾಗಿ ಬೆಳೆದವರು. 2016ರಲ್ಲಿ ಅದೇ ಹುದ್ದೆಗೆ ಬಂದ ಎನ್.ಎಸ್. ವಿಶ್ವನಾಥನ್ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದದ್ದು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ. ಅವರು ಸಂಸ್ಥೆಗೆ ಸೇರಿದ್ದು 1981ರಲ್ಲಿ. ಮೂವತ್ತೈದು ವರ್ಷ ಒಂದೇ ಏಣಿ ಹತ್ತಿದ್ದಾರೆ. ದಾರಿ ಇದೆ, ಉದ್ದ ಇದೆ, ಅಷ್ಟೇ.

ಆ ಏಣಿ ಶುರುವಾಗುವುದು ಗ್ರೇಡ್ ಬಿ ಪರೀಕ್ಷೆಯಿಂದ. ಸಾಮಾನ್ಯ ವರ್ಗಕ್ಕೆ ಯಾವುದೇ ವಿಷಯದ ಪದವಿಯಲ್ಲಿ ಶೇಕಡಾ 60 ಅಂಕ, 21ರಿಂದ 30ರೊಳಗಿನ ವಯಸ್ಸು. ಮೀಸಲು ವರ್ಗಗಳಿಗೆ ನಿಯಮದಂತೆ ಸಡಿಲಿಕೆ. ಯಾವುದೇ ವಿಷಯ ಅಂದರೆ ಯಾವುದೇ ವಿಷಯ. ಕನ್ನಡ ಸಾಹಿತ್ಯ ಓದಿದವರೂ ಬರೆಯಬಹುದು. ಪಾಸಾದರೆ ಮ್ಯಾನೇಜರ್, ಆಮೇಲೆ ಅಸಿಸ್ಟೆಂಟ್ ಜನರಲ್ ಮ್ಯಾನೇಜರ್, ಡೆಪ್ಯುಟಿ ಜನರಲ್ ಮ್ಯಾನೇಜರ್, ಜನರಲ್ ಮ್ಯಾನೇಜರ್, ಚೀಫ್ ಜನರಲ್ ಮ್ಯಾನೇಜರ್, ಎಕ್ಸಿಕ್ಯುಟಿವ್ ಡೈರೆಕ್ಟರ್.

ಇನ್ನೊಂದು ತಪ್ಪು ತಿಳಿವಳಿಕೆ ಇದೆ, ಅದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಗ್ರಾಹಕರ ದೂರು ವಿಚಾರಿಸುವ ಒಂಬುಡ್ಸ್‌ಮನ್ ಆಗಬೇಕಾದರೆ ನಿವೃತ್ತ ನ್ಯಾಯಾಧೀಶರೇ ಆಗಿರಬೇಕು, ಎಲ್‌ಎಲ್.ಬಿ. ಮಾಡಿರಬೇಕು ಅಂತ. ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಆ ಬ್ಯಾಂಕಿನದೇ ಹಿರಿಯ ಅಧಿಕಾರಿ. 1995ರಲ್ಲಿ ಶುರುವಾದ ಯೋಜನೆ ಹಲವು ರೂಪ ತಾಳಿತು, 2021ರ ನವೆಂಬರಿನಲ್ಲಿ ಮೂರು ಯೋಜನೆಗಳು ಸೇರಿ ಒಂದಾದವು. ಅದರಲ್ಲೂ ಒಂದು ಸಲಕ್ಕೆ ಮೂರು ವರ್ಷ ಮೀರದಂತೆ ರಿಸರ್ವ್ ಬ್ಯಾಂಕು ತನ್ನ ಅಧಿಕಾರಿಯನ್ನೇ ನೇಮಿಸುತ್ತದೆ. ಅಂದರೆ ಇವತ್ತು ಗ್ರಾಹಕರ ದೂರು ಕೇಳುತ್ತಿರುವವರು ನಿನ್ನೆ ಯಾವುದೋ ಬ್ಯಾಂಕಿನ ಲೆಡ್ಜರ್ ತಪಾಸಣೆ ಮಾಡುತ್ತಿದ್ದವರಾಗಿರಬಹುದು. ನಾಳೆ ಮತ್ತೆ ತಪಾಸಣೆಗೆ ಹೋಗಬಹುದು.

ನನ್ನ ಮಾತಿನ ತಿರುಳು ಇಲ್ಲೇ ಇದೆ. ಗ್ರಾಹಕ ರಕ್ಷಣೆ ಅಂದರೆ ಮೃದುವಾದ ಕೆಲಸ, ಅರ್ಜಿ ಓದಿ ಸಮಾಧಾನ ಹೇಳುವುದು; ಮೇಲ್ವಿಚಾರಣೆ ಅಂದರೆ ಗಡಸು ಕೆಲಸ, ಲೆಕ್ಕ ಬಗೆಯುವುದು ಅಂತ ಮಕ್ಕಳು ಮೊದಲೇ ಬೇರೆ ಮಾಡಿಕೊಂಡು ಬರುತ್ತಾರೆ. ಹಾಗೆ ಬೇರೆ ಮಾಡಿಕೊಂಡವರು ಎರಡರಲ್ಲೂ ಮೇಲೆ ಬರುವುದು ಕಷ್ಟ. ಲೆಕ್ಕ ಓದಲು ಬಾರದವರು ಗ್ರಾಹಕರನ್ನು ಕಾಯಲಾರರು. ಏಕೆ ಅನ್ನುವುದಕ್ಕೆ ಒಂದು ಕುತಂತ್ರವನ್ನು ಬಿಡಿಸಿ ಹೇಳುತ್ತೇನೆ. ಇದಕ್ಕೆ ಎರಡು ನಿಮಿಷ ಇಟ್ಟುಕೊಂಡಿದ್ದೆ, ಹೆಚ್ಚಾಗಬಹುದು.

ಒಬ್ಬ ಅಕ್ಕಿ ಗಿರಣಿ ಮಾಲೀಕ ಅಂದುಕೊಳ್ಳಿ. ಬ್ಯಾಂಕಿನಿಂದ 50 ಲಕ್ಷ ಸಾಲ ತಗೊಂಡಿದ್ದಾನೆ. ಗಿರಣಿ ನಷ್ಟದಲ್ಲಿದೆ, ಕಂತು ಕಟ್ಟಿಲ್ಲ. 90 ದಿನ ದಾಟಿದರೆ ಆ ಸಾಲ ಎನ್.ಪಿ.ಎ., ಅಂದರೆ ಕೆಟ್ಟ ಸಾಲ, ಆಗುತ್ತದೆ. ಆಮೇಲೆ ಬ್ಯಾಂಕು ಬಾರದ ಬಡ್ಡಿಯನ್ನು ಆದಾಯ ಅಂತ ಬರೆದುಕೊಳ್ಳುವ ಹಾಗಿಲ್ಲ, ಲಾಭದಲ್ಲಿ ಒಂದು ಪಾಲು ತೆಗೆದಿಡಬೇಕು, ಆಡಳಿತ ಮಂಡಳಿಗೆ ಮುಜುಗರ. ಏನು ಮಾಡುತ್ತಾರೆ? ಎಂಬತ್ತೆಂಟನೆಯ ದಿನ ಗಿರಣಿ ಮಾಲೀಕನ ಭಾವಮೈದನ ಹೆಸರಿಗೆ 6 ಲಕ್ಷದ ಹೊಸ ಸಾಲ ಮಂಜೂರು ಮಾಡುತ್ತಾರೆ. ಆ ದುಡ್ಡು ಅವತ್ತೇ ಗಿರಣಿಯ ಖಾತೆಗೆ ಜಮೆ ಆಗುತ್ತದೆ. ಬಾಕಿ ಚುಕ್ತಾ. ಗಿರಣಿ ಸಾಲ ಸರಿಯಾಯಿತು. ಭಾವಮೈದನ ಸಾಲ ನಿನ್ನೆ ಹುಟ್ಟಿದ್ದು, ಅದರಲ್ಲಂತೂ ಸುಸ್ತಿಯ ಮಾತೇ ಇಲ್ಲ. ಪುಸ್ತಕದಲ್ಲಿ ಎಲ್ಲಾ ಲಕಲಕ.

ಈಗ ಯೋಚನೆ ಮಾಡಿ. ಹೊರಗಿನಿಂದ ಬ್ಯಾಂಕಿಗೆ ಎಷ್ಟು ದುಡ್ಡು ಬಂತು? ಒಂದು ರೂಪಾಯಿಯೂ ಬರಲಿಲ್ಲ. ಬ್ಯಾಂಕಿನ ಹಣ ಬ್ಯಾಂಕಿಗೇ ವಾಪಸು ಬಂತು. ಮುಂದಿನ ಮೂರು ತಿಂಗಳಿಗೆ ಗಿರಣಿಯ ಕಂತೂ ಬೇಕು, ಭಾವಮೈದನ ಕಂತೂ ಬೇಕು. ಆಗ ಡ್ರೈವರ್ ಹೆಸರಿಗೆ ಮೂರನೆಯ ಸಾಲ. ಆಮೇಲೆ ಅಡುಗೆಯವಳ ಹೆಸರಿಗೆ. ಸಾಲಗಾರರ ಸಂಖ್ಯೆ ಏರುತ್ತದೆ, ವ್ಯವಹಾರ ಬೆಳೆಯಿತು ಅಂತ ವಾರ್ಷಿಕ ವರದಿಯಲ್ಲಿ ಬರೆಯುತ್ತಾರೆ, ಬಾರದ ಬಡ್ಡಿಯನ್ನು ಲಾಭ ಅಂತ ತೋರಿಸಿ ಡಿವಿಡೆಂಡ್ ಕೂಡ ಹಂಚುತ್ತಾರೆ. ಆ ಡಿವಿಡೆಂಡ್ ಯಾರ ದುಡ್ಡು? ಠೇವಣಿ ಇಟ್ಟವರದು. ಪಿಂಚಣಿ ಬಂದಾಗ ತಂದು ಇಟ್ಟ ಮೇಷ್ಟರದು. ಇನ್ನೊಮ್ಮೆ ಹೇಳುತ್ತೇನೆ: ಬ್ಯಾಂಕಿನ ಹಣ ಬ್ಯಾಂಕಿಗೇ ಬಂತು, ಹೊರಗಿನಿಂದ ಏನೂ ಬರಲಿಲ್ಲ. ಇದಿಷ್ಟು ತಲೆಯಲ್ಲಿ ಕೂತರೆ ಮೇಲ್ವಿಚಾರಣೆಯ ಅರ್ಧ ವಿದ್ಯೆ ಬಂದ ಹಾಗೆ.

ನಾನು ತಪಾಸಣೆಗೆ ಹೋಗುತ್ತಿದ್ದ ಕಾಲದಲ್ಲಿ ಒಂದು ಸಣ್ಣ ಊರಿನ ಬ್ಯಾಂಕಿನ ಅಧ್ಯಕ್ಷರು ಕಾಫಿ ತರಿಸಿ, "ಸಾರ್, ನಮ್ಮಲ್ಲಿ ಸುಸ್ತಿ ಸೊನ್ನೆ" ಅಂದರು. ಆ ವರ್ಷ ಸುತ್ತಲ ಹೋಬಳಿಗಳಲ್ಲಿ ಮಳೆಯಿಲ್ಲ, ಅಂಗಡಿಗಳಲ್ಲಿ ವ್ಯಾಪಾರವಿಲ್ಲ. ಊರಿಗೆ ಊರೇ ಬರದಲ್ಲಿರುವಾಗ ಸಾಲಗಾರರೆಲ್ಲ ತಪ್ಪದೆ ಕಂತು ಕಟ್ಟಿದ್ದಾರೆ ಅಂದರೆ ಏನರ್ಥ? ಸುಸ್ತಿ ಇರುವ ಬ್ಯಾಂಕಿಗಿಂತ ಸುಸ್ತಿಯೇ ಇಲ್ಲದ ಬ್ಯಾಂಕು ನನಗೆ ಹೆಚ್ಚು ಭಯ ಹುಟ್ಟಿಸುತ್ತಿತ್ತು. ಮಾರ್ಚ್ ಕೊನೆಯ ವಾರದ ಜಮೆಗಳನ್ನೂ ಅದೇ ವಾರ ವಿತರಿಸಿದ ಹೊಸ ಸಾಲಗಳನ್ನೂ ಪಕ್ಕಪಕ್ಕ ಇಟ್ಟೆವು. ಮೊತ್ತಗಳು ಜೋಡಿ ಜೋಡಿಯಾಗಿ ಕೂತವು. ಅವರಿಗೆ ಇವರು ಜಾಮೀನು, ಇವರಿಗೆ ಅವರು ಜಾಮೀನು, ನಾಲ್ಕಾರು ಸಾಲಗಾರರಿಗೆ ಒಂದೇ ಫೋನ್ ನಂಬರು. ಕೇಳಬೇಕಾದ ಪ್ರಶ್ನೆ ಒಂದೇ: ಈ ಜಮೆ ಎಲ್ಲಿಂದ ಬಂತು?

ಬರ ಬಂದಾಗ ನಿಯಮದ ಪ್ರಕಾರ ಕಂತಿನ ಅವಧಿ ಮುಂದೂಡಿ, ಮುಂದೂಡಿದ್ದೇವೆ ಅಂತ ಪುಸ್ತಕದಲ್ಲೇ ಬರೆದರೆ ಅದರಲ್ಲಿ ಮೋಸವೇನೂ ಇಲ್ಲ. ಮುಚ್ಚಿಡುವುದು ಮೋಸ.

ದೊಡ್ಡವರ ಬಳಿ ಇದು ನಡೆಯುವುದಿಲ್ಲ ಅಂದುಕೊಳ್ಳಬೇಡಿ. 2015ರಲ್ಲಿ ರಿಸರ್ವ್ ಬ್ಯಾಂಕು ದೊಡ್ಡ ಬ್ಯಾಂಕುಗಳ ಸಾಲದ ಪುಸ್ತಕವನ್ನು ಕೆದಕಿ ನೋಡಲು ಶುರುಮಾಡಿತು. ಆ ವರ್ಷದ ಮಾರ್ಚಿನಲ್ಲಿ ಬ್ಯಾಂಕುಗಳ ಸಾಲದಲ್ಲಿ ನೂರಕ್ಕೆ ಸುಮಾರು 4 ರೂಪಾಯಿ ಎನ್.ಪಿ.ಎ. ಇತ್ತು. 2018ರ ಮಾರ್ಚಿನ ಹೊತ್ತಿಗೆ ಅದು 11 ದಾಟಿತು. ಅಷ್ಟೂ ಸಾಲ ಆ ಮೂರು ವರ್ಷದಲ್ಲೇ ಕೆಟ್ಟದ್ದಲ್ಲ. ಬಹುಪಾಲು ಮೊದಲೇ ಕೆಟ್ಟಿತ್ತು, ಬೆಳಕಿಗೆ ಬಂದದ್ದು ಆಗ. ಮುಂಬೈಯ ಪಿ.ಎಂ.ಸಿ. ಬ್ಯಾಂಕಿನ ಕಥೆ ಇನ್ನೂ ಘೋರ. ಒಂದೇ ಕಟ್ಟಡ ಕಂಪನಿಯ ಗುಂಪಿಗೆ ಕೊಟ್ಟ ಸಾಲವನ್ನು ಮರೆಮಾಚಲು 21,000ಕ್ಕೂ ಹೆಚ್ಚು ಸುಳ್ಳು ಖಾತೆಗಳನ್ನು ತೋರಿಸಿದ್ದು 2019ರಲ್ಲಿ ಹೊರಬಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಎಂದು ಜನ ರಿಸರ್ವ್ ಬ್ಯಾಂಕನ್ನು ಬೈದರು. ಬೈಗುಳದಲ್ಲಿ ಸತ್ಯವಿತ್ತು.

ಮೇಲಿನ ಹುದ್ದೆಯ ನಿಜವಾದ ಭಾರ ಇರುವುದು ಇಲ್ಲಿ. ತಪ್ಪು ಕಂಡುಹಿಡಿಯುವುದು ಮ್ಯಾನೇಜರ್ ಕೆಲಸ. ಕಂಡ ಮೇಲೆ ಏನು ಮಾಡಬೇಕು ಅನ್ನುವುದು ಮೇಲಿನವರ ಕೆಲಸ. ಬೇಗ ಬಾಯಿಬಿಟ್ಟರೆ ಜನ ಹೆದರಿ ಒಂದೇ ದಿನ ದುಡ್ಡು ತೆಗೆಯಲು ಬರುತ್ತಾರೆ, ಉಳಿಯಬಹುದಾಗಿದ್ದ ಬ್ಯಾಂಕೂ ಉರುಳುತ್ತದೆ. ತಡ ಮಾಡಿದರೆ ಗುಂಡಿ ಆಳವಾಗುತ್ತದೆ. 2020ರ ಜನವರಿಯಲ್ಲಿ ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದಾಗ ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಬಾಗಿಲ ಮುಂದೆ ನಿಂತವರಲ್ಲಿ ಇಳಿವಯಸ್ಸಿನವರು ಎಷ್ಟೋ ಜನ. ಗ್ರಾಹಕರನ್ನು ಕಾಯಲೆಂದು ಹೊರಡಿಸಿದ ಆದೇಶವೇ ಗ್ರಾಹಕರ ಕೈ ಕಟ್ಟಿತು. ಅದೇ ವರ್ಷದ ಫೆಬ್ರವರಿಯಲ್ಲಿ ಠೇವಣಿ ವಿಮೆ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. 2021ರ ತಿದ್ದುಪಡಿಯ ನಂತರ ಇಂಥ ನಿರ್ಬಂಧ ಬಿದ್ದ 90 ದಿನದೊಳಗೆ ವಿಮೆಯ ಹಣ ಕೊಡಬೇಕು. ಇಂಥ ಆದೇಶಕ್ಕೆ ಯಾವ ದಿನ ಸಹಿ ಹಾಕಬೇಕು ಅನ್ನುವ ತೀರ್ಮಾನ ಯಾವ ಪರೀಕ್ಷೆಯ ಪುಸ್ತಕದಲ್ಲೂ ಇಲ್ಲ. ಲೆಕ್ಕ ಓದಿ ಓದಿ ಬರುವ ಧೈರ್ಯ ಅದು.

ದೂರಿನ ವಿಭಾಗಕ್ಕೂ ಇದಕ್ಕೂ ಏನು ಸಂಬಂಧ ಅಂದಿರಾ? "ಎಫ್.ಡಿ. ಮೆಚ್ಯೂರ್ ಆಯ್ತು, ಮುಂದಿನ ವಾರ ಬನ್ನಿ ಅಂತಾರೆ" ಅನ್ನುವ ಒಂದು ದೂರು ಬಂದರೆ ಅದು ಸಿಬ್ಬಂದಿಯ ಸೋಮಾರಿತನ ಇರಬಹುದು. ಒಂದೇ ಶಾಖೆಯಿಂದ ಅದೇ ಮಾತಿನ ಹತ್ತು ದೂರು ಬಂದರೆ ಅಲ್ಲಿ ಕೊಡಲು ದುಡ್ಡಿಲ್ಲ. ಬರೀ ಅರ್ಜಿ ವಿಲೇವಾರಿ ಮಾಡುವವರು ಹತ್ತೂ ಕಡತ ಮುಚ್ಚಿ ಒಳ್ಳೆಯ ಹೆಸರು ತಗೊಳ್ಳುತ್ತಾರೆ. ಲೆಕ್ಕ ಬಲ್ಲವರು ಹತ್ತನ್ನೂ ಒಟ್ಟಿಗೆ ಕಟ್ಟಿ ತಪಾಸಣೆಯವರ ಮೇಜಿಗೆ ಕಳಿಸುತ್ತಾರೆ. ಮುಂದೆ ದೊಡ್ಡ ಹುದ್ದೆಗೆ ಯೋಗ್ಯರಾಗುವವರು ಈ ಎರಡನೆಯವರು.

ಪಕ್ಕದ ಮಾತು ಒಂದಿದೆ, ಹೇಳದೆ ಹೋದರೆ ನನಗೆ ನಿದ್ದೆ ಬಾರದು. ದಯವಿಟ್ಟು ನೇರ ಒಂಬುಡ್ಸ್‌ಮನ್‌ಗೆ ಬರೆಯಬೇಡಿ. ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಡಿ, 30 ದಿನ ಕಾಯಿರಿ. ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಆಮೇಲೆ ಬರೆಯಿರಿ. ಶುಲ್ಕ ಇಲ್ಲ, ಏಜೆಂಟರೂ ಬೇಡ. ಇಷ್ಟು ಸಲ ಹೇಳಿದರೂ ಮೊದಲ ಮೆಟ್ಟಿಲು ಹಾರಿ ಬಂದು ತಿರಸ್ಕಾರವಾಗುವ ಅರ್ಜಿಗಳಿಗೆ ಲೆಕ್ಕವಿಲ್ಲ.

ಸಮಯ ಓಡಿದೆ. ಉಳಿದ ಸಲಹೆಯನ್ನು ಚುರುಕಾಗಿ ಹೇಳಿಬಿಡುತ್ತೇನೆ.

ಗ್ರೇಡ್ ಬಿ ಒಂದನ್ನೇ ನೆಚ್ಚಿ ಕೂರಬೇಡಿ, ಹುದ್ದೆಗಳು ಕಡಿಮೆ. ಸೆಬಿ, ವಿಮಾ ಪ್ರಾಧಿಕಾರ, ಪಿಂಚಣಿ ನಿಧಿ ಪ್ರಾಧಿಕಾರ ಇವೂ ನೇರವಾಗಿ ಅಧಿಕಾರಿಗಳನ್ನು ತೆಗೆದುಕೊಳ್ಳುತ್ತವೆ. ನಬಾರ್ಡನ್ನು ಬರೀ ಕೃಷಿ ಸಾಲದ ಸಂಸ್ಥೆ ಅಂದುಕೊಂಡಿರುತ್ತೀರಿ. ನಮ್ಮ ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕುಗಳ, ಗ್ರಾಮೀಣ ಬ್ಯಾಂಕುಗಳ ತಪಾಸಣೆ ಮಾಡುವವರು ಅವರೇ. ರಾಜ್ಯದಲ್ಲಿ ಸಹಕಾರ ಇಲಾಖೆ, ಸಹಕಾರ ಲೆಕ್ಕಪರಿಶೋಧನೆ ಇಲಾಖೆ ಇವೆ. ಊರೂರಿನ ಪತ್ತಿನ ಸಹಕಾರಿಗಳು, ಸೌಹಾರ್ದ ಸಹಕಾರಿಗಳು ರಿಸರ್ವ್ ಬ್ಯಾಂಕಿನ ಕೈಕೆಳಗೆ ಬರುವುದಿಲ್ಲ, ಅಲ್ಲಿನ ಠೇವಣಿಗೆ ಆ 5 ಲಕ್ಷದ ವಿಮೆಯೂ ಇಲ್ಲ. ಹಾಗಾಗಿ ಅಲ್ಲಿ ಕಣ್ಣು ತೆರೆದು ಕೂರುವ ಒಬ್ಬ ಅಧಿಕಾರಿ ಸಾವಿರಾರು ಮನೆ ಉಳಿಸಬಲ್ಲರು. ಇದನ್ನು ಚಿಕ್ಕ ನೌಕರಿ ಅಂತ ಮೂಗು ಮುರಿಯುವ ತಂದೆ ತಾಯಿಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕೋಚಿಂಗ್‌ಗೆ ಸೇರಿಸುವ ಮೊದಲು ಒಂದು ಕೆಲಸ ಮಾಡಿಸಿ. ನೀವು ಸದಸ್ಯರಾಗಿರುವ ಸಹಕಾರ ಸಂಘದ ಹಿಂದಿನ ಮೂರು ವರ್ಷದ ವಾರ್ಷಿಕ ವರದಿ ಮಗಳ ಕೈಗೆ ಕೊಡಿ. ಸಾಲ ಎಷ್ಟು ಏರಿದೆ, ಸುಸ್ತಿ ಎಷ್ಟು ಇಳಿದಿದೆ, ಬರಬೇಕಾದ ಬಡ್ಡಿ ಅಂತ ಎಷ್ಟು ಬರೆದಿದ್ದಾರೆ, ಅದರಲ್ಲಿ ನಿಜವಾಗಿ ಬಂದದ್ದೆಷ್ಟು ಅಂತ ಒಂದು ಹಾಳೆಯಲ್ಲಿ ಬರೆಯಲಿ. ಸಾಲ ಏರುತ್ತಾ ಸುಸ್ತಿ ಸೊನ್ನೆಯಾಗಿದ್ದರೆ ಏಕೆ ಅಂತ ಅವಳೇ ಕೇಳಿಕೊಳ್ಳಲಿ. ಸೆಪ್ಟೆಂಬರ್ ಮಹಾಸಭೆಯಲ್ಲಿ ಆ ಪ್ರಶ್ನೆಯನ್ನು ಎದ್ದು ನಿಂತು ಕೇಳುವವರು ಸದಸ್ಯರಾದ ನೀವು. ಸಿದ್ಧಮಾಡಿ ಕೊಡುವವಳು ಅವಳಾಗಲಿ. ಈ ಕೆಲಸ ಅವಳಿಗೆ ಬೇಸರ ತಂದರೆ ಬೇರೆ ದಾರಿ ನೋಡಲಿ, ತಪ್ಪೇನಿಲ್ಲ. ರುಚಿ ಹತ್ತಿದರೆ ಅರ್ಜಿ ತುಂಬಿಸಿ.